ಶಸ್ತ್ರಚಿಕಿತ್ಸೆಯಾದ ಐದನೇ ವಾರಕ್ಕೆ ಮೀನೂಟದ ಹೋಟೆಲು

ಪ್ರಶ್ನೆ: ನಾನು ಕಾರವಾರದವಳು, ವಯಸ್ಸು 42. ಐದು ವಾರಗಳ ಹಿಂದೆ ಹುಬ್ಬಳ್ಳಿಯಲ್ಲಿ ತೂಕ ಇಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೆತ್ತಗಿನ ಆಹಾರ ಶುರು ಮಾಡಬಹುದು ಎಂದಿದ್ದಾರೆ. ಕಳೆದ ಭಾನುವಾರ ಮನೆಯವರ ಜೊತೆ ಮೀನೂಟದ ಹೋಟೆಲಿಗೆ ಹೋಗಿ ಎರಡು ತುತ್ತು ಅನ್ನ-ಸಾರು, ರವಾ ಫ್ರೈ ಮಾಡಿದ ಇಸ್ವಾಣದ ಅರ್ಧ ತುಂಡು, ಮೇಲಿಂದ ಅರ್ಧ ಲೋಟ ಮುರುಗಲು-ತೆಂಗಿನಹಾಲಿನ ಸೋಲ್‌ಕಡಿ, ಇಷ್ಟೇ ತೆಗೆದುಕೊಂಡೆ. ಐದಾರು ನಿಮಿಷದಲ್ಲಿ ಎದೆಯಲ್ಲಿ ಕಲ್ಲು ಕೂತಂತಾಗಿ, ಬಾಯಿ ತುಂಬ ನೊರೆ ಬಂದು, ಕೈ ತೊಳೆಯುವ ಜಾಗದಲ್ಲೇ ವಾಂತಿಯಾಯಿತು. ಆಮೇಲೆ ಏನೂ ತೊಂದರೆಯಾಗಲಿಲ್ಲ. ಒಳಗಿನ ಹೊಲಿಗೆ ಬಿಚ್ಚಿರಬಹುದೇ? ಇನ್ನು ಹದಿನೈದು ದಿನಕ್ಕೆ ಶಿರಸಿಯಲ್ಲಿ ಸಹೋದ್ಯೋಗಿಯ ಮಗಳ ಮದುವೆ ಇದೆ, ಆಪರೇಷನ್ನಿನ ವಿಷಯ ಅಲ್ಲಿ ಯಾರಿಗೂ ಗೊತ್ತಿಲ್ಲ. ಹೋಟೆಲ್ ಊಟ, ಪಂಕ್ತಿ ಊಟ ಎರಡನ್ನೂ ಮರೆತುಬಿಡಬೇಕೇ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರಿಸುತ್ತೇನೆ. ತಿಂದ ಐದಾರು ನಿಮಿಷಗಳಲ್ಲೇ ಎದೆಯ ನಡುವೆ ಒತ್ತಡ, ಬಾಯಲ್ಲಿ ನೊರೆ, ವಾಂತಿಯಾದೊಡನೆ ಹಗುರ, ಆಮೇಲೆ ಎಂದಿನಂತೆ ಆರಾಮ ಎಂದು ನೀವು ಬರೆದಿರುವುದು ಹೊಲಿಗೆ ಬಿಚ್ಚಿದ್ದಕ್ಕಿಂತ ತುತ್ತು ಸಿಕ್ಕಿಕೊಂಡದ್ದಕ್ಕೆ ಚೆನ್ನಾಗಿ ಹೊಂದುತ್ತದೆ. ಹೊಲಿಗೆಯಲ್ಲಿ ಸೋರಿಕೆಯಾದಾಗ ನೋವು ವಾಂತಿಯೊಂದಿಗೆ ಹೋಗುವುದಿಲ್ಲ, ಏರುತ್ತಲೇ ಹೋಗುತ್ತದೆ. ಜ್ವರ ಬರುತ್ತದೆ, ಸುಮ್ಮನೆ ಕುಳಿತಿದ್ದಾಗಲೂ ನಾಡಿ ನಿಮಿಷಕ್ಕೆ 120 ದಾಟುತ್ತದೆ, ಕೆಲವರಿಗೆ ಎಡ ಭುಜದಲ್ಲಿ ನೋವು ಕಾಣಿಸುತ್ತದೆ, ಉಸಿರು ಸಣ್ಣದಾಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಅದು ಹೋಟೆಲಿನ ಊಟದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಬೇಕು. ನಿಮಗೆ ಅಂಥದ್ದೇನೂ ಇಲ್ಲವಾದರೂ ನಡೆದದ್ದನ್ನು ನಿಮ್ಮ ಶಸ್ತ್ರವೈದ್ಯರಿಗೆ ಫೋನಿನಲ್ಲಾದರೂ ತಿಳಿಸಿ. ಒಮ್ಮೆ ಸಿಕ್ಕಿಕೊಂಡದ್ದು ಸಾಮಾನ್ಯ ಸಂಗತಿ. ಆದರೆ ಮೆತ್ತಗಿನದ್ದನ್ನು ನಿಧಾನವಾಗಿ ತಿಂದಾಗಲೂ ಹೀಗೇ ಆಗುತ್ತಿದ್ದರೆ ಒಳದಾರಿ ಎಲ್ಲಾದರೂ ಕಿರಿದಾಗಿದೆಯೇ ಎಂದು ಅವರು ಪರೀಕ್ಷಿಸಿ ನೋಡಬೇಕಾಗುತ್ತದೆ.

ನೊರೆ ಎಲ್ಲಿಂದ ಬಂತು ಎಂಬುದು ಅರ್ಥವಾದರೆ ಅರ್ಧ ಪಥ್ಯ ತಾನಾಗಿ ಅರ್ಥವಾಗುತ್ತದೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಶೇಕಡಾ 75ರಿಂದ 80ರಷ್ಟನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ತೆಗೆದುಹಾಕಿದ ಭಾಗದಲ್ಲಿಯೇ ಜಠರದ ಹಿಗ್ಗುವ ಗುಣ ಹೆಚ್ಚಾಗಿ ಇದ್ದದ್ದು. ಹಸಿವಿನ ಹಾರ್ಮೋನು ಗ್ರೆಲಿನ್ ಬಹುಪಾಲು ತಯಾರಾಗುತ್ತಿದ್ದದ್ದೂ ಅಲ್ಲೇ. ನಿಮಗೀಗ ಹಸಿವು ಕಡಿಮೆಯಾಗಿರುವುದಕ್ಕೆ ಅದೂ ಒಂದು ಕಾರಣ. ಉಳಿದ ಕೊಳವೆ ಹಿಗ್ಗುವ ಜಾತಿಯದ್ದಲ್ಲ, ಅದರ ನಡುವಿನ ತಿರುವು ಸಹಜವಾಗಿಯೇ ಕಿರಿದು, ಮೇಲಾಗಿ ಐದನೇ ವಾರದಲ್ಲಿ ಒಳಗಿನ ಬಾವು ಪೂರ್ತಿ ಇಳಿದಿರಲಿಕ್ಕಿಲ್ಲ. ಅಲ್ಲಿ ಸರಿಯಾಗಿ ಅಗಿಯದ ಒಂದು ತುತ್ತು ನಿಂತಿತೆಂದರೆ ನೀವು ನುಂಗುವ ಜೊಲ್ಲಿಗೂ ಕೆಳಗಿಳಿಯಲು ದಾರಿಯಿಲ್ಲ. ಅದು ಮೇಲೆಯೇ ಸೇರಿಕೊಂಡು, ಗಾಳಿಯೊಂದಿಗೆ ಬೆರೆತು, ನೊರೆಯಾಗಿ ಹೊರಗೆ ಬರುತ್ತದೆ. ನೀವು ಕಂಡದ್ದು ಹೆಚ್ಚಾಗಿ ನಿಮ್ಮದೇ ಜೊಲ್ಲು, ಗಾಬರಿಪಡುವಂಥದ್ದಲ್ಲ.

ಹಾಗಾದರೆ ತಪ್ಪು ಯಾವುದರದ್ದು? ನನ್ನ ಹತ್ತಿರ ಬರುವ ಕರಾವಳಿಯವರು ಮೊದಲು ಮೀನಿನ ಮೇಲೆ ಅನುಮಾನಪಡುತ್ತಾರೆ, ಮನೆಗೆ ಹೋದೊಡನೆ ಮೀನನ್ನೇ ಬಿಟ್ಟು ಗಂಜಿಗೆ ಹಿಂದಿರುಗುತ್ತಾರೆ. ಇದು ತಲೆಕೆಳಗಾದ ತೀರ್ಮಾನ. ಆ ತಟ್ಟೆಯಲ್ಲಿ ನಿಮಗೆ ನಿಜವಾಗಿ ಬೇಕಾಗಿದ್ದದ್ದು ಮೀನೊಂದೇ. ತೊಂದರೆ ಕೊಟ್ಟದ್ದು ಮೀನಿನ ಮೇಲಿನ ರವೆಯ ಗಟ್ಟಿ ಹೊದಿಕೆ, ಸಾರಿನಲ್ಲಿ ನೆನೆದು ಅಗಿಯದೆಯೇ ಗಂಟಲಿಗಿಳಿದ ಅನ್ನ, ಈಗಾಗಲೇ ತುಂಬಿದ್ದ ಕೊಳವೆಯ ಮೇಲೆ ಸುರಿದ ಸೋಲ್‌ಕಡಿ, ಇವೆಲ್ಲಕ್ಕಿಂತ ಹೆಚ್ಚಾಗಿ ಹೋಟೆಲಿನ ವೇಗ. ಮಧ್ಯಾಹ್ನ ಒಂದೂವರೆಗೆ ನಮ್ಮ ಮೀನೂಟದ ಹೋಟೆಲುಗಳಲ್ಲಿ ನೀವು ಕುಳಿತ ಕುರ್ಚಿಯ ಬೆನ್ನನ್ನು ಮುಂದಿನವರು ಹಿಡಿದು ನಿಂತಿರುತ್ತಾರೆ. ಅಲ್ಲಿ ಊಟವೆಂದರೆ ಹತ್ತು ನಿಮಿಷದ ಕೆಲಸ. ನಿಮ್ಮ ಹೊಸ ಜಠರಕ್ಕೆ ಅದಕ್ಕಿಂತ ಚಿಕ್ಕ ಊಟಕ್ಕೆ ಅದರ ಮೂರು ಪಟ್ಟು ಸಮಯ ಬೇಕು. ಆದ್ದರಿಂದ ಹೋಟೆಲಿಗೆ ಹೋಗಬಹುದೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ. ಏನನ್ನು ತಿನ್ನುತ್ತೀರಿ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಹೋಗುತ್ತೀರಿ, ಅಲ್ಲಿ ಎಷ್ಟು ಹೊತ್ತು ಕೂರಲು ಬಿಡುತ್ತಾರೆ ಎಂಬುದನ್ನು ಮೊದಲು ನೋಡಿ. ಹನ್ನೆರಡಕ್ಕೆ ಹೋಗಿ, ಅಥವಾ ಎರಡೂವರೆಯ ಮೇಲೆ ಹೋಗಿ. ಎರಡೂವರೆಗೆ ಮೀನು ಮುಗಿದಿರುವ ಸಂಭವ ಉಂಟು, ಆದರೂ ಫ್ಯಾನಿನ ಕೆಳಗೆ ಅರ್ಧ ಗಂಟೆ ಕುಳಿತರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಎಷ್ಟನೇ ವಾರಕ್ಕೆ ಹೋಗಬಹುದು ಎಂಬುದಕ್ಕೆ ಒಂದು ಲೆಕ್ಕವಿದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವ, ಮುಂದಿನ ಎರಡು ವಾರ ರುಬ್ಬಿದ ಆಹಾರ, ಐದನೇ ವಾರದಿಂದ ಎಂಟನೆಯ ವಾರದ ತನಕ ಚಮಚದ ಬೆನ್ನಿನಿಂದ ಒತ್ತಿದರೆ ಮುರಿಯುವಂಥ ಮೆತ್ತಗಿನ ಆಹಾರ, ಆ ನಂತರ ನಿಧಾನವಾಗಿ ಎಲ್ಲರ ಊಟ. ಮೊದಲ ನಾಲ್ಕು ವಾರ ಹೋಟೆಲಿನಲ್ಲಿ ನಿಮಗೆ ಸಲ್ಲುವಂಥದ್ದು ಏನೂ ಇರುವುದಿಲ್ಲ, ಹೋಗದಿರುವುದೇ ಮೇಲು. ಐದರಿಂದ ಎಂಟರವರೆಗೆ ಹೋಗಬಹುದು, ಆದರೆ ಹೊಟ್ಟೆ ತುಂಬಿಸಲು ಹೋಗಬಾರದು. ನಿಮಗೆ ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೊಟೀನ್ ಬೇಕು. ಅದನ್ನು ಹೋಟೆಲಿನಿಂದ ನಿರೀಕ್ಷಿಸದೆ, ಹೊರಡುವ ಎರಡು ಗಂಟೆ ಮೊದಲು ಮನೆಯಲ್ಲಿ ಮೊಟ್ಟೆಯನ್ನೋ ಪ್ರೊಟೀನ್ ಪುಡಿಯ ಹಾಲನ್ನೋ ತೆಗೆದುಕೊಂಡು ಹೊರಡಿ. ಹಸಿದು ಹೋದವರು ಮೊದಲ ಮೂರು ತುತ್ತನ್ನು ಅಗಿಯುವುದಿಲ್ಲ. ಹೆಚ್ಚಿನ ಸಲ ಸಿಕ್ಕಿಕೊಳ್ಳುವುದೂ ಆ ಮೂರು ತುತ್ತುಗಳಲ್ಲೇ.

ಈಗ ತಟ್ಟೆಗೆ ಬರೋಣ. ಊಟ ಎಂದು ಹೇಳಬೇಡಿ. ಊಟ ಎಂದರೆ ಅನ್ನದ ಗುಡ್ಡ, ಸಾರು, ಪಲ್ಯ, ಸೋಲ್‌ಕಡಿ ಎಲ್ಲವೂ ಕೇಳದೆಯೇ ಬಂದು ಕೂರುತ್ತವೆ. ಮೀನನ್ನು ಮಾತ್ರ ಬಿಡಿಯಾಗಿ ಹೇಳಿ, ಜೊತೆಗೆ ಒಂದು ಖಾಲಿ ಸಣ್ಣ ಬಟ್ಟಲು ಕೇಳಿ. ಹೋಟೆಲಿನಲ್ಲಿ ಪಲ್ಯ ಹಾಕಿ ಕೊಡುವ ಆ ಸ್ಟೀಲಿನ ಬಟ್ಟಲೇ ನಿಮ್ಮ ಅಳತೆ. ಅದರ ಮುಕ್ಕಾಲು ಭಾಗದಷ್ಟು ಆಹಾರ ಈಗ ನಿಮ್ಮ ಪೂರ್ಣ ಊಟ. ಮೀನಿನಲ್ಲಿ ಈ ವಾರಗಳಿಗೆ ಎಲ್ಲಕ್ಕಿಂತ ಒಳ್ಳೆಯದು ನೊಗ್ಲಿ, ಅಂದರೆ ದಕ್ಷಿಣದವರ ಕಾಣೆ. ನಡುಮುಳ್ಳು ಒಂದೇ, ಮಾಂಸ ಬೆಣ್ಣೆಯಂತೆ ಬಿಡಿಸಿಕೊಳ್ಳುತ್ತದೆ. ನೀವು ತಿಂದ ಇಸ್ವಾಣ ಒಳ್ಳೆಯ ಮೀನೇ, ಆದರೆ ಹುರಿದಾಗ ಅದರ ಮಾಂಸ ಒಣಗಿ ನಾರುನಾರಾಗುತ್ತದೆ; ಅದೇ ತುಂಡನ್ನು ಸಾರಿನಲ್ಲಿ ಬೇಯಿಸಿದ್ದರೆ ಅಷ್ಟು ತೊಂದರೆ ಆಗುತ್ತಿರಲಿಲ್ಲ. ಹಾಗಾಗಿ ಸಾರಿನ ಮೀನನ್ನೇ ಹೇಳಿ, ಸಾರನ್ನು ಬಟ್ಟಲಿನಲ್ಲೇ ಬಿಟ್ಟು ತುಂಡನ್ನು ಹೊರತೆಗೆದುಕೊಳ್ಳಿ. ನಮ್ಮ ಸಾರಿನಲ್ಲಿ ಬೀಳುವ ಜುಮ್ಮನಕಾಯಿಯ ಚೂರು ತುಂಡಿಗೆ ಅಂಟಿಕೊಂಡಿದ್ದರೆ ಅದನ್ನು ಬಿಡಿಸಿ ಬದಿಗಿಡಿ. ಹುರಿದದ್ದೇ ಸಿಗುವುದಾದರೆ ತವಾ ಮೇಲೆ ರವೆಯಿಲ್ಲದೆ ಕಡಿಮೆ ಎಣ್ಣೆಯಲ್ಲಿ ಮಾಡಿಕೊಡಿ ಎಂದು ಕೇಳಬಹುದು. ಬಹಳಷ್ಟು ಕಡೆ ಮಾಡಿಕೊಡುತ್ತಾರೆ. ಮಾಡಿಕೊಡದಿದ್ದರೆ ಹೊದಿಕೆಯನ್ನು ಸುಲಿದು ಒಳಗಿನದ್ದನ್ನಷ್ಟೇ ತಿನ್ನಿ. ಬಂಗಡೆ, ತಾರ್ಲೆ (ಭೂತಾಯಿ) ಪೌಷ್ಟಿಕವಾದರೂ ಸಣ್ಣ ಮುಳ್ಳಿನವು, ಮಾತಾಡುತ್ತ ತಿನ್ನುವ ಜಾಗದಲ್ಲಿ ಬೇಡ. ಮನೆಯಲ್ಲಿ ಮುಳ್ಳು ಬಿಡಿಸಿಕೊಂಡು ತಿನ್ನಿ. ಸಿಗಡಿ, ತಿಸ್ರೆ (ಕಪ್ಪೆಚಿಪ್ಪಿನ ಮಾಂಸ), ಮಾಣಕಿ (ಬೊಂಡಾಸ್) ಇವು ಹಲ್ಲಿಗೆ ರಬ್ಬರಿನಂತೆ ಸಿಗುವ ಜಾತಿ. ಮೂರು ತಿಂಗಳು ಮುಗಿಯುವ ತನಕ ಅವುಗಳ ಆಸೆ ಬಿಡಿ. ಏಡಿಯ ವಿಷಯದಲ್ಲಿ ನನ್ನದೊಂದು ಪಕ್ಷಪಾತವಿದೆ. ಮೂರನೆಯ ತಿಂಗಳ ನಂತರ, ಅವಸರದಲ್ಲಿ ಉಣ್ಣುವ ಚಾಳಿ ಬಿಡದವರಿಗೆ ನಾನೇ ಏಡಿ ತಿನ್ನಿ ಎನ್ನುವುದುಂಟು, ಏಕೆಂದರೆ ಒಂದು ಕಾಲಿನಿಂದ ಎಳೆ ಮಾಂಸ ತೆಗೆಯಲು ಎರಡು ನಿಮಿಷ ಹಿಡಿಯುತ್ತದೆ, ಯಾರೂ ಹೇಳಿಕೊಡದೆ ಊಟ ನಿಧಾನವಾಗುತ್ತದೆ. ಚಿಪ್ಪಿನ ಚೂರು ಬಾಯಿಗೆ ಹೋಗದಂತೆ ನೋಡಿಕೊಂಡರೆ ಆಯಿತು.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವಾಗ ಹೋಟೆಲಿನಲ್ಲಿ ಸಿಗುವುದು ಹೆಚ್ಚಾಗಿ ಐಸಿನಲ್ಲಿಟ್ಟ ಮೀನು ಅಥವಾ ಒಣಮೀನು. ಒಣಮೀನು ಗಟ್ಟಿ, ವಿಪರೀತ ಉಪ್ಪು. ಈ ಹಂತಕ್ಕೆ ಅಲ್ಲ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ನಿಮಗೀಗ ಭೇದಿಯಾದರೆ ಬೇರೆಯವರಂತೆ ಗಟಗಟ ನೀರು ಕುಡಿದು ಸರಿಮಾಡಿಕೊಳ್ಳಲು ಬರುವುದಿಲ್ಲ, ಗುಟುಕು ಗುಟುಕಾಗಿಯೇ ಕುಡಿಯಬೇಕಾದ್ದರಿಂದ ಒಂದೇ ದಿನದಲ್ಲಿ ನಿರ್ಜಲೀಕರಣವಾಗುತ್ತದೆ. ಕುಡಿಯುವ ನೀರನ್ನು ಮನೆಯಿಂದ ಒಯ್ಯಿರಿ. ಹಸಿ ಚಟ್ನಿ, ಹೊರಗಿನ ಮಜ್ಜಿಗೆ ಬೇಡ.

ಮೀನು ತಿನ್ನದವರು ಇದೇ ಪ್ರಶ್ನೆ ಕೇಳಿದ್ದರೆ ಉತ್ತರ ಇನ್ನೂ ಕಷ್ಟವಾಗುತ್ತಿತ್ತು. ಬೆಳಗಿನ ತಿಂಡಿಯ ಹೋಟೆಲಿನಲ್ಲಿ ಪ್ರೊಟೀನ್ ಎಂಬುದು ಕಾಣಸಿಗುವುದಿಲ್ಲ. ಒಂದು ಇಡ್ಲಿಯಲ್ಲಿ ಇರುವುದು ಸುಮಾರು 2 ಗ್ರಾಂ, ಒಂದು ಮೊಟ್ಟೆಯಲ್ಲಿ 6, ಬೇಯಿಸಿದ 100 ಗ್ರಾಂ ಮೀನಿನಲ್ಲಿ 20ರ ಆಸುಪಾಸು. ಅರ್ಧ ಇಡ್ಲಿಗೇ ಹೊಟ್ಟೆ ತುಂಬುವವರು ಇಡ್ಲಿಯಿಂದ ಶುರು ಮಾಡಿದರೆ ಬೇಕಾದ್ದಕ್ಕೆ ಜಾಗವೇ ಉಳಿಯುವುದಿಲ್ಲ. ಅವರು ಸಾಂಬಾರಿನ ತಳದಲ್ಲಿರುವ ಬೆಂದ ಬೇಳೆಯನ್ನು ಚಮಚದಲ್ಲಿ ಎತ್ತಿಕೊಳ್ಳುವುದು, ಮೆತ್ತಗಿನ ಪನೀರ್ ಕೇಳುವುದು, ಗಟ್ಟಿ ಮೊಸರು ತರಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಮೆತ್ತಗಿನದು ಎಂಬ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ಕೈಗೆ ಮೆತ್ತಗಿರುವುದೆಲ್ಲ ಜಠರಕ್ಕೆ ಮೆತ್ತಗಲ್ಲ. ಕಾರವಾರದಲ್ಲಿ ಬೆಳಿಗ್ಗೆ ಪಾವ್-ಭಾಜಿ ತಿನ್ನುವ ರೂಢಿ ನಿಮಗೂ ಇದ್ದಿರಬಹುದು. ಒಂದು ಚೂರು ಪಾವನ್ನು ನೀರಿನಲ್ಲಿ ಅದ್ದಿ ಮುಷ್ಟಿಯಲ್ಲಿ ಹಿಂಡಿ ನೋಡಿ: ಹತ್ತಿಯಂತಿದ್ದದ್ದು ಅಂಟಂಟಾದ ಹಿಟ್ಟಿನ ಉಂಡೆಯಾಗಿ ಅಂಗೈಗೆ ಕಚ್ಚಿಕೊಳ್ಳುತ್ತದೆ. ಕೊಳವೆಯಲ್ಲಿ ಆಗುವುದೂ ಅದೇ. ಬನ್ಸು ಇದಕ್ಕಿಂತ ಕಡೆ, ಅದರಲ್ಲಿ ಮೈದಾ, ಸಕ್ಕರೆ, ಎಣ್ಣೆ ಮೂರೂ ಇವೆ. ಕೊಟ್ಟೆ ಕಡುಬು, ದಪ್ಪ ಸೆಟ್ ದೋಸೆ ಕೂಡ ಕೆಲವರಿಗೆ ಹೀಗೇ ಸಿಕ್ಕಿಕೊಂಡು ಕೂರುತ್ತವೆ. ಆದರೆ ಗರಿಗರಿಯಾದ ತೆಳ್ಳೇವಿನ, ಅಂದರೆ ತೆಳುವಾದ ಅಕ್ಕಿದೋಸೆಯ, ಒಂದು ಚೂರು, ಬಾಯಲ್ಲೇ ಪುಡಿಯಾಗುವುದರಿಂದ, ಎಂಟನೆಯ ವಾರದ ಹೊತ್ತಿಗೆ ಹಲವರಿಗೆ ಸಲೀಸಾಗಿ ಇಳಿಯುತ್ತದೆ. ಕೇಳಿದವರು ಮೊದಲು ನಂಬುವುದಿಲ್ಲ.

ಇನ್ನೊಂದು ಬಗೆಯ ಮೋಸವೂ ಇದೆ. ಐಸ್‌ಕ್ರೀಮ್, ಪಾಯಸ, ಹಣ್ಣಿನ ರಸಾಯನ, ಕಬ್ಬಿನ ಹಾಲು ಇವು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ನೋಯುವುದಿಲ್ಲ, ಜಾರಿಕೊಂಡು ಹೋಗುತ್ತವೆ. ಮೀನು ತಿಂದು ಕಷ್ಟಪಟ್ಟವರು ಐಸ್‌ಕ್ರೀಮ್ ಆರಾಮಾಗಿ ಇಳಿಯಿತು ಎಂದು ಅದನ್ನೇ ಹಿಡಿಯುವುದನ್ನು ನಾನು ನೋಡಿದ್ದೇನೆ. ಆರನೆಯ ತಿಂಗಳಿಗೆ ಅವರ ತೂಕ ಇಳಿಯುವುದು ನಿಂತಿರುತ್ತದೆ, ಕೂದಲು ಉದುರುತ್ತಿರುತ್ತದೆ. ಇದಲ್ಲದೆ ಸಕ್ಕರೆ ತುಂಬಿದ ದ್ರವ ಸಣ್ಣ ಕರುಳಿಗೆ ಒಮ್ಮೆಲೇ ಇಳಿದಾಗ ಕರುಳು ದೇಹದ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಬೆವರು, ಎದೆಬಡಿತ, ಹೊಟ್ಟೆ ತೊಳಸುವುದು, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಜಠರದ ಬೈಪಾಸ್ (ಆಹಾರ ಜಠರದ ಬಹುಪಾಲನ್ನು ಬಳಸಿಕೊಂಡು ಹೋಗದೆ ನೇರ ಕರುಳಿಗಿಳಿಯುವಂತೆ ಮಾಡುವ ತೂಕದ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಲ್ಲಿ ಇದು ಹೆಚ್ಚು, ಸ್ಲೀವ್‌ನವರಲ್ಲಿ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ. ಶಿರಸಿ ಕಡೆ ಆಲೆಮನೆಗೆ ಕರೆದವರು ಒಂದು ಲೋಟ ಕೊಡದೆ ಕಳಿಸುವುದಿಲ್ಲವಷ್ಟೇ. ಆ ಒಂದು ಲೋಟ ಕಬ್ಬಿನ ಹಾಲಿನಲ್ಲಿ 25 ಗ್ರಾಂಗಿಂತ ಹೆಚ್ಚೇ ಸಕ್ಕರೆ ಇರುತ್ತದೆ. ನೀವು ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಾದ್ದರಿಂದ ನಿಮಗೆ ತೊಂದರೆ ಎರಡೂ ಕಡೆಯಿಂದ ಬರಬಹುದು. ಶಸ್ತ್ರಚಿಕಿತ್ಸೆಗೆ ಮೊದಲಿನ ಪ್ರಮಾಣದಲ್ಲೇ ಮಾತ್ರೆ ನುಂಗುತ್ತಿದ್ದು, ಊಟ ಮಾತ್ರ ನಾಲ್ಕು ಚಮಚವಾಗಿದ್ದರೆ, ಕೆಲವು ಬಗೆಯ ಮಾತ್ರೆಗಳಿಂದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಪ್ರಮಾಣವನ್ನು ವೈದ್ಯರು ಬದಲಿಸಿದ್ದಾರೆಯೇ ಎಂದು ಈ ವಾರವೇ ಕೇಳಿ ಖಚಿತಪಡಿಸಿಕೊಳ್ಳಿ.

ನೀರಿನ ನಿಯಮ ನಿಮಗೆ ಆಸ್ಪತ್ರೆಯಲ್ಲೇ ಹೇಳಿರುತ್ತಾರೆ: ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ಕಳೆಯುವ ತನಕವೂ ಇಲ್ಲ. ಕಷ್ಟವೆಂದರೆ ನಮ್ಮ ಹೋಟೆಲುಗಳಲ್ಲಿ ಮೊದಲು ಬರುವುದೇ ನೀರು, ಕೈ ತಾನಾಗಿ ಲೋಟಕ್ಕೆ ಹೋಗುತ್ತದೆ. ಲೋಟವನ್ನು ಬೋರಲು ಹಾಕಿಡಿ. ಸೋಲ್‌ಕಡಿ, ಮುರುಗಲು ಪಾನಕ, ತಂಬುಳಿ, ಅಪ್ಪೆಹುಳಿ ಇವೆಲ್ಲ ಊಟದ ಭಾಗವೆಂದು ನಮಗೆ ಅನ್ನಿಸಿದರೂ ಜಠರದ ಲೆಕ್ಕದಲ್ಲಿ ನೀರೇ. ಮೇಲಾಗಿ ಸ್ಲೀವ್ ಆದವರಲ್ಲಿ ಹುಳಿತೇಗು, ಎದೆಯುರಿ ಸಾಮಾನ್ಯ, ಹುಳಿ-ಖಾರಗಳೆರಡೂ ಇದನ್ನು ಕೆರಳಿಸುತ್ತವೆ. ಸಪ್ಪೆಯಾಗಿ ಮಾಡಿದ ಒಂದೆಲಗದ ತಂಬುಳಿಯನ್ನು ಮಧ್ಯಾಹ್ನ ನಾಲ್ಕಕ್ಕೆ ಬೇರೆಯಾಗಿ ಕುಡಿದರೆ ನನ್ನ ಅಭ್ಯಂತರವಿಲ್ಲ. ಸೋಡಾ, ಕೋಲಾಗಳು ಬೇಡ, ಅವುಗಳ ಗಾಳಿಗೆ ಒಳಗೆ ಜಾಗವಿಲ್ಲ.

ತಿನ್ನುವ ಬಗೆಯನ್ನು ಒಬ್ಬ ಮಹಿಳೆಯಿಂದ ನಾನೇ ಕಲಿತೆ. ಕುಮಟಾದ ಒಂದು ಸಣ್ಣ ಹೋಟೆಲಿನಲ್ಲಿ, ಬೈಪಾಸ್ ಆಗಿ ಎರಡು ತಿಂಗಳಾಗಿದ್ದ ಅವರು ನನ್ನ ಎದುರಿಗೆ ಕುಳಿತು ಪರ್ಸಿನಿಂದ ಮೊಮ್ಮಗನ ಅನ್ನಪ್ರಾಶನದ ಬೆಳ್ಳಿ ಚಮಚ ತೆಗೆದರು. ನೊಗ್ಲಿಯ ಒಂದು ಎಸಳನ್ನು ಕಡಲೆಕಾಳಿನಷ್ಟು ಮಾಡಿ ಬಾಯಿಗಿಟ್ಟು, ಚಮಚವನ್ನು ತಟ್ಟೆಯ ಬದಿಗೆ ಇಟ್ಟುಬಿಟ್ಟರು. ಬಾಯಲ್ಲಿದ್ದದ್ದು ಅಂಬಲಿಯಂತಾಗಿ ಇಳಿದ ಮೇಲೆ ಸುಮಾರು ಒಂದು ನಿಮಿಷ ಮಾತಾಡಿದರು, ಆಮೇಲೆ ಮತ್ತೆ ಚಮಚ ಎತ್ತಿದರು. ಹದಿನಾಲ್ಕನೆಯ ಎಸಳಿನ ಹೊತ್ತಿಗೆ ಅವರ ಮೂಗು ಸೋರತೊಡಗಿತು. ಖಾರಕ್ಕೆ ಎಂದುಕೊಂಡೆ. ಅವರು ಕರವಸ್ತ್ರದಿಂದ ಒರೆಸಿಕೊಂಡು, ಬಾಗಿಲು ಹಾಕಿತು ಎಂದು ನಕ್ಕು ತಟ್ಟೆಯನ್ನು ಯಜಮಾನರ ಕಡೆ ಸರಿಸಿದರು. ಹೊಟ್ಟೆ ತುಂಬಿತು ಎಂಬ ಹಳೆಯ ಸೂಚನೆ ಇನ್ನು ನಿಮಗೆ ಮೊದಲಿನಂತೆ ಬರಲಿಕ್ಕಿಲ್ಲ. ಅದರ ಬದಲು ಅನೇಕರಿಗೆ ಹೀಗೆ ಮೂಗು ಸೋರುತ್ತದೆ, ಕೆಲವರಿಗೆ ಒಂದು ಬಿಕ್ಕಳಿಕೆ, ಕೆಲವರಿಗೆ ಸೀನು, ಇನ್ನು ಕೆಲವರಿಗೆ ದೀರ್ಘವಾದ ಒಂದು ನಿಟ್ಟುಸಿರು. ನಿಮ್ಮದು ಯಾವುದೆಂದು ಮನೆಯಲ್ಲಿಯೇ ಗುರುತಿಸಿಕೊಳ್ಳಿ. ಆ ಸೂಚನೆಯ ನಂತರದ ಒಂದೇ ಒಂದು ತುತ್ತು ಕೈ ತೊಳೆಯುವ ಜಾಗಕ್ಕೆ ಓಡಿಸುತ್ತದೆ. ಉಳಿದದ್ದನ್ನು ಕಟ್ಟಿಸಿಕೊಂಡು ಬನ್ನಿ. ದುಡ್ಡು ಕೊಟ್ಟದ್ದು ವ್ಯರ್ಥವಾಗಬಾರದೆಂದು ತಿನ್ನುವುದು ನಮ್ಮ ತಲೆಮಾರಿನವರ ಗಟ್ಟಿ ಅಭ್ಯಾಸ, ಅದನ್ನು ಬಿಡಲು ಶಸ್ತ್ರಚಿಕಿತ್ಸೆಗಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಕೆಲವು ಆಸ್ಪತ್ರೆಗಳು, ಇವರಿಗೆ ಅರ್ಧ ಪ್ಲೇಟ್ ಕೊಡಿ ಎಂದು ಅಚ್ಚು ಹಾಕಿಸಿದ ಕಾರ್ಡ್ ಕೊಡುತ್ತವೆ. ದೊಡ್ಡ ಊರಿನ ರೆಸ್ಟೋರೆಂಟುಗಳಲ್ಲಿ ಅದು ನಡೆಯಬಹುದು. ನಮ್ಮ ಕಡೆ ಕಾರ್ಡ್ ತೋರಿಸಿದರೆ ಮಾಣಿ, ಮಾಲೀಕ, ಪಕ್ಕದ ಮೇಜಿನವರು ಎಲ್ಲರೂ ಸೇರಿ ಓದುತ್ತಾರೆ. ಪಥ್ಯದಲ್ಲಿದ್ದೇನೆ ಎಂಬ ಒಂದು ಮಾತು ಸಾಕು. ನಮ್ಮ ಜಿಲ್ಲೆಯಲ್ಲಿ ಪಥ್ಯಕ್ಕೆ ಇರುವ ಮರ್ಯಾದೆ ಡಯಟ್‌ಗೆ ಇಲ್ಲ. ಡಯಟ್ ಎಂದರೆ ಒಂದು ದಿನ ಬಿಟ್ಟರೇನು ಎನ್ನುವವರೇ, ಪಥ್ಯ ಎಂದರೆ ಬಡಿಸುವ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ. ಅದು ಸುಳ್ಳೂ ಅಲ್ಲ.

ಶಿರಸಿಯ ಮದುವೆಯಲ್ಲಿ ನಿಮಗೆ ಬಳಕೆಗೆ ಬರುವುದು ಈ ಮಾತೇ. ಅಲ್ಲಿಗೆ ನೀವು ಏಳನೆಯ ವಾರದಲ್ಲಿರುತ್ತೀರಿ. ಪಂಕ್ತಿಯ ಊಟ ಹೋಟೆಲಿಗಿಂತ ಒಂದು ರೀತಿಯಲ್ಲಿ ಸುಲಭ, ಇನ್ನೊಂದು ರೀತಿಯಲ್ಲಿ ಕಷ್ಟ. ಸುಲಭವೇಕೆಂದರೆ ಬಡಿಸಿ ಮುಗಿಯಲು, ಶ್ಲೋಕ ಹೇಳಲು, ಹಿರಿಯರು ಏಳಲು ಬೇಕಾದಷ್ಟು ಸಮಯ ಹಿಡಿಯುತ್ತದೆ, ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ. ಕಷ್ಟವೇಕೆಂದರೆ ಎಲೆಯಲ್ಲಿ ನಿಮಗೆ ಬೇಕಾದ ಪ್ರೊಟೀನ್ ಇಲ್ಲವೇ ಇಲ್ಲ ಎನ್ನಬಹುದು. ಇರುವುದು ಅನ್ನ, ಹುಳಿ, ತಂಬುಳಿ, ಕರಿದದ್ದು, ಸಿಹಿ. ಕೋಸಂಬರಿಯ ಹೆಸರುಬೇಳೆಯೂ ಹಸಿ, ಈ ವಾರಕ್ಕೆ ಸಲ್ಲದು. ಆದ್ದರಿಂದ ಪಂಕ್ತಿಗೆ ಕೂರುವ ಮೊದಲೇ ನಿಮ್ಮ ಊಟ ಮುಗಿದಿರಲಿ. ಎಲೆಯ ಮುಂದೆ ಕುಳಿತು, ಬೆಂದ ಪಲ್ಯ ಎರಡು ಚಮಚ, ಗಟ್ಟಿ ಮೊಸರು ಎರಡು ಚಮಚ ಇಟ್ಟುಕೊಂಡು ಆಡಿಸುತ್ತಿರಿ. ಲಾಡು, ಹೋಳಿಗೆ ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದರ ಜೊತೆಗೆ ಆ ಮಾತನ್ನೂ ಹೇಳಿ, ಏಕೆಂದರೆ ಬರಿಯ ಕೈಯನ್ನು ಅಲ್ಲಿ ಸಂಕೋಚವೆಂದು ತಿಳಿದು ಮತ್ತೊಂದನ್ನು ಹಾಕುತ್ತಾರೆ. ಇನ್ನೂ ಒಳ್ಳೆಯ ಉಪಾಯ ನನ್ನ ಬಳಿ ಬರುವ ಒಬ್ಬರದು: ಅವರು ಮೊದಲ ಪಂಕ್ತಿಗೆ ಬಡಿಸಲು ನಿಂತುಬಿಡುತ್ತಾರೆ, ಬಡಿಸುವವರು ಉಂಡರೋ ಇಲ್ಲವೋ ಎಂದು ಯಾರೂ ಲೆಕ್ಕ ಇಡುವುದಿಲ್ಲ. ಸಹೋದ್ಯೋಗಿಯ ಮನೆಯಾದ್ದರಿಂದ ನಿಮಗೂ ಇದು ಒಪ್ಪುತ್ತದೆ. ಆದರೆ ನಿಮಗಿನ್ನೂ ಎರಡು ತಿಂಗಳಾಗಿಲ್ಲ, ಭಾರದ ಹುಳಿಯ ಬಕೆಟ್ಟಿಗೆ ಕೈ ಹಾಕಬೇಡಿ, ಉಪ್ಪಿನ ಬಟ್ಟಲನ್ನೋ ತುಪ್ಪದ ಗಿಂಡಿಯನ್ನೋ ಹಿಡಿದುಕೊಳ್ಳಿ.

ಪ್ರಯಾಣದ ಬಗ್ಗೆ ಎರಡು ಮಾತು. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವ ಮೊದಲು ಏನನ್ನೂ ತಿನ್ನಬೇಡಿ. ತಿರುವಿಗೆ ವಾಂತಿ ಮಾಡಿಕೊಳ್ಳುವ ಸ್ವಭಾವವಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಂಡು ಹೊರಡಿ. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಿರುತ್ತದೆ, ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಊರಿನಿಂದ ದೂರದಲ್ಲಿರುವಾಗ ವಾಂತಿ ನಿಲ್ಲದಿದ್ದರೆ ಏನು ಮಾಡಬೇಕೆಂಬುದು ಇವೆಲ್ಲಕ್ಕಿಂತ ಮುಖ್ಯ. ಒಂದು ತುತ್ತು ಸಿಕ್ಕಿಕೊಂಡು ಹೊರಬಂದರೆ ಅಂದು ಬರಿಯ ದ್ರವಕ್ಕೆ ಹಿಂದಿರುಗಿ, ಮರುದಿನ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಅಷ್ಟೇ. ಆದರೆ ನೀರಿನ ಗುಟುಕೂ ನಿಲ್ಲದೆ ಅರ್ಧ ದಿನ ಕಳೆದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ ಕಾಯಬೇಡಿ. ಇಂಥ ಹೊತ್ತಿನಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ನಮ್ಮ ಕಡೆ ಮೊದಲು ಏರಿಸುವುದು ಗ್ಲುಕೋಸ್ ಬಾಟಲಿ. ಹಲವು ದಿನಗಳಿಂದ ಸರಿಯಾಗಿ ತಿನ್ನದೆ ವಾಂತಿಯಾಗುತ್ತಿರುವವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಆ ಸ್ಥಿತಿಯಲ್ಲಿ ಥಯಾಮಿನ್ ಕೊಡದೆ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣಗಳು. ಆದ್ದರಿಂದ ಬಿಡುಗಡೆಯ ಚೀಟಿಯ ಒಂದು ಪ್ರತಿಯನ್ನು ಪರ್ಸಿನಲ್ಲಿಟ್ಟುಕೊಂಡಿರಿ, ತೂಕದ ಶಸ್ತ್ರಚಿಕಿತ್ಸೆಯಾಗಿದೆ, ಮೊದಲು ಥಯಾಮಿನ್ ಕೊಡಿ ಎಂದು ನೀವೇ ಅಥವಾ ಜೊತೆಯವರು ಬಾಯಿ ಬಿಟ್ಟು ಹೇಳಿ. ಮದುವೆಮನೆಯಲ್ಲಿ ಗುಟ್ಟಾಗಿರಲಿ, ಕ್ಲಿನಿಕ್ಕಿನಲ್ಲಿ ಬೇಡ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸವನ್ನೂ ನಿಲ್ಲಿಸಿ, ಅವುಗಳಲ್ಲಿ ಹಲವು ಜಠರದಲ್ಲಿ ಹುಣ್ಣು ಮಾಡುತ್ತವೆ.

ಮದ್ಯದ ಬಗ್ಗೆ ನೀವು ಕೇಳಿಲ್ಲ. ಆದರೂ ಮಾಜಾಳಿ ದಾಟಿದರೆ ಗೋವಾ ಆದ್ದರಿಂದ ಬೇರೆ ಓದುಗರಿಗಾಗಿ ಹೇಳುತ್ತೇನೆ. ಈ ಶಸ್ತ್ರಚಿಕಿತ್ಸೆಯ ನಂತರ ಮದ್ಯ ರಕ್ತಕ್ಕೆ ಬೇಗ ಏರುತ್ತದೆ, ತಡವಾಗಿ ಇಳಿಯುತ್ತದೆ, ಮೊದಲು ಚಟವಿಲ್ಲದವರಲ್ಲೂ ಚಟವಾಗುವ ಸಂಭವವಿದೆ. ಮೊದಲ ವರ್ಷ ಅದರ ಸುದ್ದಿ ಬೇಡ.

ಬರುವ ಭಾನುವಾರ ಅದೇ ಹೋಟೆಲಿಗೆ ಹೋಗಬೇಕೆಂದಿದ್ದರೆ ಅದಕ್ಕೆ ಮೊದಲು ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿ. ಬುಧವಾರವೋ ಗುರುವಾರವೋ ಸಾರಿನಲ್ಲಿ ಬೆಂದ ಒಂದು ನೊಗ್ಲಿಯನ್ನು ತಟ್ಟೆಗೆ ಹಾಕಿಕೊಂಡು, ಗೋಡೆಯ ಗಡಿಯಾರದ ಎದುರು ಕುಳಿತು, ನೀರಿಲ್ಲದೆ, ಅನ್ನವಿಲ್ಲದೆ ಇಪ್ಪತ್ತೈದು ನಿಮಿಷದಲ್ಲಿ ತಿನ್ನಿ. ಅದು ಸಲೀಸಾಗಿ ಇಳಿದರೆ ಭಾನುವಾರ ಹನ್ನೆರಡಕ್ಕೆ ಹೋಗಿ, ಮೂಲೆಯ ಮೇಜು ಹಿಡಿಯಿರಿ, ಮನೆಯವರಿಗೆ ಊಟ, ನಿಮಗೆ ಬಿಡಿ ಮೀನು ಎಂದು ಹೇಳಿ. ಇಳಿಯದಿದ್ದರೆ ಇನ್ನೊಂದು ವಾರ ಕಾಯಿರಿ, ಅಷ್ಟರಲ್ಲಿ ನಿಮ್ಮ ಶಸ್ತ್ರವೈದ್ಯರಿಗೆ ಒಮ್ಮೆ ತೋರಿಸಿ.